ಇನ್ನೊಂಚೂರು ಅಗಲ

ಕುಡಚಡೆ ಸ್ಟೇಷನ್ನಿನ ಎದುರು, ಪಾವ್ ಬೇಕರಿಯ ಮಗ್ಗಲ
ನನ್ನ ಫೋಟೋ ಅಂಗಡಿ.
ಮುಂಜಾನೆ ಕಂಪ್ಯೂಟರ್ ಎದ್ದಿತು,
ಡ್ರೈವರ್ ಏಳಲಿಲ್ಲ.

ಪರದೆ ತುಂಬ ಬದನಿಕಾಯಿಯಂಥ ಐಕಾನು,
ಅಕ್ಷರಕ್ಕೆಲ್ಲ ಬಾವು ಬಂದ ಹಾಂಗ.
ಗ್ರಾಫಿಕ್ಸ್ ಕಾರ್ಡಿನ ಹೆಸರಿನ ಮುಂದ ಹಳದಿ ತ್ರಿಕೋನ,
ಒತ್ತಿದರ ಹೇಳತೈತಿ:
ಈ ಸಾಧನವು ತನಗೆ ತೊಂದರೆ ಇದೆಯೆಂದು ವರದಿ ಮಾಡಿದ್ದರಿಂದ
ಇದನ್ನು ನಿಲ್ಲಿಸಲಾಗಿದೆ. ಕೋಡ್ ೪೩.

ಎಲಾ ಇದರ!
ತ್ರಾಸು ಐತಿ ಅಂದವರನ್ನ ನಿಲ್ಲಿಸೂದು
ಗಣಿಯ ಮುಕಾದಮರಿಗಷ್ಟ ಗೊತ್ತು ಅಂತ ತಿಳಿದಿದ್ದೆ.

ಬೆಂಚಿನ ಮ್ಯಾಲೆ ದ್ಯಾವಪ್ಪ ಕುಂತಾನ.
ಕೆರೂರಿನಾಂವ, ಇಪ್ಪತ್ತೊಂದು ವರ್ಷ ಅದಿರಿನ ಟಿಪ್ಪರ್ ಹೊಡದಾಂವ,
ಎಷ್ಟು ಒಗೆದರೂ ಕಾಲರಿನ ಮಡಿಕ್ಯಾಗ ಕೆಂಪು ಉಳಿದೈತಿ.
ನಾಳೆ ಹೆಂಡತಿ ಸತ್ತು ವರ್ಷ. ಗ್ವಾಡಿಗೆ ಫೋಟೋ ಬೇಕು.
ಇದ್ದದ್ದು ಒಂದ, ಯಾರದೋ ಮದುವಿ ಗುಂಪಿನ್ಯಾಗ,
ಎರಡನೇ ಸಾಲು, ಹಣಿ ಮ್ಯಾಲೆ ಇನ್ನೊಬ್ಬಾಕಿಯ ತುರುಬಿನ ನೆರಳು.

"ಡ್ರೈವರ್ ಚಾಲೂ ಆಗವಲ್ದು" ಅಂದೆ.
"ಯಾವ ಡ್ರೈವರ್ ರೀ?" ಅಂತ ತಾನ ಎದ್ದು ನಿಂತ.

ಹಾಂಗ ತೆಗೆದು ತೋರಿಸಿದೆ, ಊದಿದ ಪರದೆಯ ಮ್ಯಾಲೆ.
ಬಹಳ ಹೊತ್ತು ನೋಡಿದ.
"ಇಷ್ಟು ತುಂಬಿದ ಗಲ್ಲ ಇರಲಿಲ್ರಿ ಅಕಿಗೆ."
ಎರಡೂ ಅಂಗೈ ಗಾಳಿಯಾಗ ಎತ್ತಿ ಅಳತಿ ತೋರಿಸಿದ.

ಬಂದ್ ಮಾಡಿ ಚಾಲೂ ಮಾಡಿದೆ, ಮೂರು ಸಲ.
ಡ್ರೈವರ್ ಅಳಿಸಿದೆ, ಹೊಸದು ಇಳಿಸಿದೆ,
ಬೇಕರಿಯವರ ವೈಫೈ, ಚಾ ಆರಿ ಕೆನಿ ಕಟ್ಟೂತನಕ.
ತೊಂಬತ್ತೊಂಬತ್ತಕ್ಕ ಹೋಗಿ ಕಪ್ಪಾತು,
ಮತ್ತ ಅದ ಬದನಿಕಾಯಿ.
ಮಡಗಾಂವದ ಪ್ರಜ್ಯೋತಗ ಫೋನ್ ಹಚ್ಚಿದರ
"ಕಾರ್ಡ್ ಕಿತ್ತು ರಬ್ಬರಿಲೆ ತಿಕ್ಕು ಬಾಯಿ" ಅಂದ, ಇಟ್ಟ.
ತಿಕ್ಕಿದೆ. ಮಗಳ ಕಂಪಾಸ್ ಪೆಟ್ಟಿಗಿಯ ರಬ್ಬರು,
ಬಂಗಾರದ ಹಲ್ಲಿನ ಮ್ಯಾಲೆ ಮಳಿಗಾಲದ ಹಸಿರು,
ಫ್ಯಾನಿನ ರೆಕ್ಕಿಗೆ ಅದಿರಿನ ಧೂಳು.
ಗಣಿ ನಿಂತ ಸುದ್ದಿ ಇದಕ್ಕಿನ್ನೂ ಮುಟ್ಟಿಲ್ಲ.

"ಗಾಡಿ ಯಾವ ಕಾಲದ್ದು?" ದ್ಯಾವಪ್ಪ ಕೇಳಿದ.
"ಹನ್ನೆರಡು ವರ್ಷದ್ದು."
"ಡ್ರೈವರ್?"
"ಹೋದ ತಿಂಗಳಿಂದು."
ನಕ್ಕ. "ನನ್ನ ಟಿಪ್ಪರಿಗೂ ಹೊಸ ಹುಡುಗನ್ನ ಹತ್ತಿಸಿದ್ರು.
ಎರಡನೇ ಗೇರಿಗೆ ಎರಡು ಸಲ ಕ್ಲಚ್ ತುಳೀಬೇಕು,
ಅದನ್ನ ಅವಗ ಯಾರು ಹೇಳಬೇಕು?
ರಿವೋಣದ ದಿಬ್ಬದಾಗ ನಿಂತಬಿಡ್ತು.
ನಡುರಾತ್ರಿ ಬಂದು ನನ್ನ ಎಬ್ಬಿಸಿದ್ರು."

ಕಾರ್ಡಿನ ಜೋಡಿ ಬಂದಿದ್ದ ಸಿ.ಡಿ. ನೆನಪಾತು.
ಕಿಟಕಿಗೆ ದಾರ ಕಟ್ಟಿ ನೇತುಹಾಕಿದ್ಲು ಮಗಳು,
ಪಾರಿವಾಳ ಬೆದರಲಿ ಅಂತ.
ಬಿಚ್ಚಿ, ಸೆರಗಿಲೆ ಒರೆಸಿ, ಒಳಗ ತುರುಕಿದೆ.
ಗುರ್ರ್ ಅಂತು. ಕೆಮ್ಮಿತು.
ಪರದೆ ಒಮ್ಮೆ ಕಣ್ಣು ಮುಚ್ಚಿ ತೆಗೀತು,
ಐಕಾನೆಲ್ಲ ಕಡ್ಲಿಕಾಳಾದವು.

ಗಲ್ಲದ ಎಲುಬು, ಕೊಳ್ಳಾಗಿನ ಕುಳಿ,
ಒಂದ ತೂಗತಿದ್ದ ಕಿವಿಯ ಬುಗುಡಿ.
"ಹ್ಞೂಂ, ಈಕಿ ಫಕೀರವ್ವ" ಅಂದ ಅಷ್ಟ.
ವಾಸ್ಕೋ ಗಾಡಿ ಬಂತು, ಹೋತು.
ಪ್ರಿಂಟರಿಗೆ ಹಾಳಿ ಹಾಕಾಕತ್ತಿದ್ದೆ,
"ಮೊದಲಿಂದೂ ಒಂದು ತೆಗೀರಿ."
"ಅದು ತಪ್ಪಿಂದಲ್ಲ?"
"ಇರಲಿ ರೀ. ಉಂಡಾಂಗ ಕಾಣತಾಳ."

ಸರಿ ಡ್ರೈವರ್ ಕುಂತ ಮ್ಯಾಲೆ
ಆ ತಪ್ಪು ತಿರುಗಿ ಮಾಡೂದು ಸಸಾರಲ್ಲ.
ಎತ್ತರ ಹಾಂಗ ಬಿಟ್ಟು ಅಗಲ ಅಷ್ಟ ಎಳೀಬೇಕು.
ನೂರಾ ಹತ್ತು. "ಇನ್ನಾ."
ನೂರಾ ಇಪ್ಪತ್ತು. "ಇನ್ನೊಂಚೂರು."
ನೂರಾ ಮೂವತ್ಮೂರಕ್ಕ ಕೈ ಎತ್ತಿದ,
ರಿವರ್ಸ್ ಬರೂ ಗಾಡಿಗೆ ಹಿಂದ ನಿಂತ ಕ್ಲೀನರ್ ಎತ್ತೂ ಹಾಂಗ:
"ಬಸ್, ಬಸ್, ಬಸ್."