ಇಳಿಯುವ ವಿದ್ಯೆ

ಜಿಗಿತದ ಗೋಪುರದ ಬೀಗದ ಕೈ ಒಪ್ಪಿಸಿದ ದಿನ
ರೌನೊ, ನೀವು ಏನೂ ಹೇಳಲಿಲ್ಲ.
ನನ್ನ ಸ್ಕೀ ಹಲಗೆಗಳನ್ನು ಗೋಡೆಗೆ ಒರಗಿಸಿದಿರಿ,
ತೆಗೆದು ಮತ್ತೆ ಅಲ್ಲೇ ಒರಗಿಸಿದಿರಿ.
ಹೆಸರಿನ ಚೀಟಿಯನ್ನು ಉಗುರಿನಿಂದ ಕಿತ್ತೆ,
'ಹಿಲ್ಲೆ' ಬಂತು,
'ವಿ' ಬರಲಿಲ್ಲ.

ಹದಿನಾಲ್ಕು ವರ್ಷ.
ಅರೆಹೊಟ್ಟೆ, ತಕ್ಕಡಿಯ ಮೇಲೆ ಉಸಿರೂ ಹೊರಗೆ ಬಿಟ್ಟು ನಿಲ್ಲುವುದು,
ಎರಡು ಸಲ ಹರಿದ ಅದೇ ಎಡ ಮೊಣಕಾಲು.
ಕೊನೆಗೆ ನನ್ನನ್ನು ಕೆಡವಿದ್ದು ಗಾಳಿಯಲ್ಲ, ಒಂದೂವರೆ ಮೀಟರು.
ತಂಡಕ್ಕೆ ನಾಲ್ವರು, ನಾನು ಐದನೆಯವಳು.
ಐದನೆಯವಳಿಗೆ ಪತ್ರ ಬರುತ್ತದೆ,
ತುಂಬ ಸಭ್ಯವಾದ ಪತ್ರ.

ಆ ಚಳಿಗಾಲವಿಡೀ ಪರದೆ ಎಳೆದುಕೊಂಡೇ ಇದ್ದೆ.
ಕುವೊಪಿಯೊದಲ್ಲಿ ಯಾವ ಕಿಟಕಿ ತೆರೆದರೂ
ಆ ಗುಡ್ಡವೇ.

ಒಲೆ ಹೊಗೆ ಕಾರುತ್ತಿತ್ತು. ಹೊಗೆಗೂಡು ಗುಡಿಸುವ ಎಸ್ಕೊ ಬಂದ,
ಛಾವಣಿಯ ಮಂಜುಗಡ್ಡೆ ನೋಡಿ ಸೊಂಟ ಹಿಡಿದುಕೊಂಡ.
'ನಾನು ಹತ್ತಲೇ?' ಅಂದೆ.
ಬಾಯಿ ತಪ್ಪಿ ಬಂದ ಮಾತು,
ಮೂರು ವರ್ಷದಿಂದ ಅದೇ ಅನ್ನ ಹಾಕುತ್ತಿದೆ.

ಬೆಳಿಗ್ಗೆ ಏಳಕ್ಕೆ, ಇನ್ನೂ ಕತ್ತಲು, ಏಣಿ ಇಡುತ್ತೇನೆ.
ಹಗ್ಗದ ತುದಿಯ ಕಬ್ಬಿಣದ ಗುಂಡನ್ನು
ಕೊಳವೆಯೊಳಗೆ ಇಳಿಬಿಟ್ಟು ಕಿವಿಗೊಡುತ್ತೇನೆ.
ಸದ್ದೇ ಹೇಳುತ್ತದೆ: ಎಲ್ಲಿ ಇಟ್ಟಿಗೆ ಸಡಿಲ,
ಯಾರು ಹಸಿ ಕಟ್ಟಿಗೆ ಉರಿಸುತ್ತಾರೆ,
ಯಾರ ಮನೆಯಲ್ಲಿ ಗಂಡ ತೀರಿಕೊಂಡ ಮೇಲೆ
ಒಲೆಯೇ ಹೊತ್ತಿಲ್ಲ.
ಅಂಥ ಮನೆಯಲ್ಲಿ ಕುಂಚ ಒಳಗಿಟ್ಟು
ಒಂದು ಬೆಂಕಿಕಡ್ಡಿ ಗೀರಿ ಬರುತ್ತೇನೆ.
ಅದಕ್ಕೆ ರಸೀದಿ ಹಾಕುವುದಿಲ್ಲ.

ಮಸಿಯವರನ್ನು ಮುಟ್ಟಿದರೆ ಅದೃಷ್ಟವಂತೆ ಇಲ್ಲಿ.
ಬಸ್ಸಿಗೆ ಕಾದು ನಿಂತರೆ ಗುರುತಿಲ್ಲದವರು ತೋಳು ಸವರಿ
ಲಾಟರಿ ಅಂಗಡಿಗೆ ಓಡುತ್ತಾರೆ.
ನನ್ನ ತೋಳು, ರೌನೊ!
ಅದರಲ್ಲಿ ಅಷ್ಟಿದ್ದಿದ್ದರೆ
ಆ ಒಂದೂವರೆ ಮೀಟರು ಎಲ್ಲಿ ಹೋಗಿತ್ತು?

ನಿನ್ನೆ ಗುಡ್ಡದ ಎದುರಿನ ಛಾವಣಿ.
ಹಳದಿ ಅಂಗಿಯ ಒಬ್ಬ ಹುಡುಗಿ, ನಿಮ್ಮವಳೇ ಇರಬೇಕು,
ಗೋಪುರದ ತುದಿ ಬಿಟ್ಟಳು.
ಹೇಳದೆ ಕೇಳದೆ ನನ್ನ ಮೊಣಕಾಲು ಮಡಿಚಿತು,
ಎರಡೂ ಕೈ ಬೆನ್ನ ಹಿಂದೆ ಹೋದವು.
ಅವಳು ನೆಲ ಮುಟ್ಟುವವರೆಗೆ ಉಸಿರಾಡಲಿಲ್ಲ.
ಸುಳ್ಳು ಹೇಳಲಾರೆ, ಉರಿಯಿತು.
ಬಲ ಪಾದ ಸ್ವಲ್ಪ ಬೇಗ ಊರುತ್ತಾಳೆ, ಅವಳಿಗೆ ಹೇಳಿ.

ಕೆಳಗಿನಿಂದ ಮನೆಯಾಕೆ ಕೂಗಿದಳು, ಕಾಫಿ ಆರುತ್ತಿದೆ.
ಇಳಿದೆ,
ಒಂದೊಂದೇ ಮೆಟ್ಟಿಲು, ಮುಖ ಗೋಡೆಗೆ,
ಬೆನ್ನು ಗುಡ್ಡಕ್ಕೆ.
ಇದೊಂದು ಇಳಿತವನ್ನು ನೀವು ಕಲಿಸಿರಲಿಲ್ಲ.