ಒಂದು ಚಮಚ ಮುರಬ್ಬ

ಕೊನೆಯ ಬಸ್ಸು ನನ್ನನ್ನು ಕವಲುದಾರಿಯಲ್ಲಿ ಇಳಿಸಿ
ಹೊಗೆಯುಗುಳಿ ಸುಚಾವದ ಕಡೆ ತಿರುಗಿಕೊಂಡಿತು.
ಮುಂದೆಲ್ಲ ಏರು. ಎರಡೂ ಬದಿ ಬೀಚ್ ಮರ,
ಉದುರಿದೆಲೆಯಲ್ಲಿ ದಾರಿಯೇ ಹೂತುಹೋದ ನವೆಂಬರು.
ಹನ್ನೊಂದು ವರ್ಷ ಆಂಬುಲೆನ್ಸ್ ಓಡಿಸಿದ ಕೈ
ಚೀಲದ ಪಟ್ಟಿಯನ್ನೇ ಸ್ಟೀರಿಂಗಿನಂತೆ ಹಿಡಿದಿತ್ತು.

ಏರಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ:
ನನಗೆ ಪ್ರಾರ್ಥನೆ ಬರುವುದಿಲ್ಲ. ದೀಕ್ಷಾಸ್ನಾನದ ಮೇಲೆ
ಚರ್ಚು ಕಂಡದ್ದು ಯಾರದೋ ಮದುವೆಗೆ, ಯಾರದೋ ಮಣ್ಣಿಗೆ.
ಮತ್ತೆ ಆ ಹುಡುಗ, ಡೊರೊಹೊಯ್ ರಸ್ತೆಯ ತಿರುವಿನಲ್ಲಿ,
ನಾನು ಹೋದದ್ದು ನಾಲ್ಕು ನಿಮಿಷ ತಡವಾಗಿ.
ಇಷ್ಟನ್ನೂ ಹೇಳಿಯೇ, ಇಲ್ಲಿ ಇರಬಹುದೇ ಎಂದು ಕೇಳಬೇಕು.

ತಟ್ಟುವ ಮೊದಲೇ ಬಾಗಿಲಿಗೆ ಬೆಳಕು ಬಂತು.
ಎವ್ಲಾಂಪಿಯಾ ತಾಯಿ. ಗಿಡ್ಡ ಆಳು,
ಕಪ್ಪು ನಿಲುವಂಗಿಯ ತೋಳಿಗೆಲ್ಲ ಹಿಟ್ಟು.
ಮುಖ ನೋಡಲಿಲ್ಲ, ಬೂಟು ನೋಡಿದರು.
"ಒದ್ದೆಯಾಗಿದೆ. ಬಿಚ್ಚು."
ನಾನು ಬಾಯಿ ತೆರೆದೆ.
ತೆರೆದ ಬಾಯಿಗೆ ಒಂದು ಚಮಚ ಪ್ಲಮ್ ಮುರಬ್ಬ,
ಹಿಂದೆಯೇ ಬಾವಿಯ ನೀರು, ಹಲ್ಲು ಜುಂ ಎನ್ನುವಷ್ಟು.
ಸಿಹಿ ಬಾಯಲ್ಲಿಟ್ಟುಕೊಂಡು ಯಾರು ತಾನೆ
ತಪ್ಪೊಪ್ಪಿಕೊಳ್ಳುತ್ತಾರೆ?

ಕೋಣೆಯಲ್ಲಿ ಕಟ್ಟಿಗೆಯ ಒಲೆ, ಉಣ್ಣೆಯ ರಗ್ಗು,
ಗೋಡೆಯ ಮೇಲೆ ಮೂಗು ಸವೆದ ಒಬ್ಬ ಸಂತ.
ಸೈರನ್ ಇಲ್ಲದ ಕತ್ತಲು ಅದೆಂಥ ಆಳ!
ಅಂಗಳದಲ್ಲಿ ಮರದ ಹಲಗೆ ಬಡಿದು ಕರೆದರಂತೆ,
ನಡುರಾತ್ರಿಗೊಮ್ಮೆ, ನಸುಕಿಗೊಮ್ಮೆ, ಮತ್ತೆ ಮತ್ತೆ.
ನಿದ್ದೆಯೊಳಗೆ ಅದು ಯಾರೋ ಸೌದೆ ಸೀಳುವ ಸದ್ದು.
ಎದ್ದರೆ, ಮರುದಿನವೂ ಕಳೆದು ಅದರಾಚೆಯ ಸಂಜೆ.

ನಾಚುತ್ತ ಅಡುಗೆಮನೆಗೆ ಹೋದೆ.
"ತಾಯೀ, ಒಂದು ಪ್ರಾರ್ಥನೆಗೂ ಬರಲಿಲ್ಲ ನಾನು."
ಬೀನ್ಸ್ ಕಾಳು ಆರಿಸುತ್ತಿದ್ದವರು ತಲೆ ಎತ್ತಲಿಲ್ಲ.
"ನಿನ್ನ ಪಾಲಿನದು ನಾವು ಹೇಳಿಟ್ಟೆವು.
ತಡವಾಗಿ ಬರುವವರಿಗೆ ತಟ್ಟೆ ಮುಚ್ಚಿಡುವುದಿಲ್ಲವೆ, ಹಾಗೆ."

ತಡವಾಗಿ.
ಆ ಒಂದು ಮಾತಿಗೆ ಗಂಟಲು ಕಟ್ಟಿತು.
ಅವರು ಸರಿದು ಬೆಂಚಿನಲ್ಲಿ ಜಾಗ ಮಾಡಿದರು,
ರಾಶಿಯಲ್ಲಿ ಅರ್ಧ ನನ್ನ ಕಡೆ ತಳ್ಳಿದರು.
ಕಲ್ಲು ಬೇರೆ, ಕಾಳು ಬೇರೆ.
ದೀಪ ಹಚ್ಚುವವರೆಗೂ ಇಬ್ಬರೂ ಮಾತಾಡಲಿಲ್ಲ.
ಆಮೇಲೆ ನಾನೇ ಹೇಳಿದೆ:
ಹುಡುಗನ ಒಂದು ಬೂಟು ಹಳದಿ.
ಇನ್ನೊಂದು, ಎಷ್ಟು ಹುಡುಕಿದರೂ, ಸಿಗಲಿಲ್ಲ.