ಕೊನೆಯ ಚೀಟಿ

ಪಾದ್ರಿ ಲೆಬ್ರೆಖ್ಟ್ ಕ್ಯೂನೆಲರ ಕೋಟಿನ
ಒಂದು ಜೇಬಲ್ಲಿ ಪ್ರಾರ್ಥನೆಯ ಪುಸ್ತಕ,
ಇನ್ನೊಂದರಲ್ಲಿ ಇನ್ನೂ ಬೆಚ್ಚಗಿರುವ ನೆಲಗುಬ್ಬಿ.
ಥುರಿಂಗಿಯದ ನಮ್ಮ ಹಳ್ಳಿಯಲ್ಲಿ
ಹೆಣ ಬಂದು ಗುಂಡಿಯ ಬಳಿ ಕಾದದ್ದೂ ಉಂಟು,
ಇವರು ಬೇಲಿಯಾಚೆ ಯಾವುದೋ ಕೊರಳಿಗೆ ಕಿವಿಗೊಟ್ಟು ನಿಂತು.

ರಾತ್ರಿ ಮೇಣದ ಬೆಳಕಲ್ಲಿ ಚರ್ಮ ಸುಲಿದು
ಒಳಗೆ ಪಾಷಾಣ ಸವರಿ ನಾರು ತುಂಬುವರು.
ಹೊಲಿಗೆ ನನ್ನದು. ಚರ್ಚಿನ ಗಂಟೆ ಬಾರಿಸುವವನ ಮಗಳು,
ಹನ್ನೊಂದು ವರ್ಷದ ಸಣ್ಣ ಬೆರಳು.

"ಅಯ್ಯಾ, ಒಂದೇ ಥರದ ನೂರ ನಲವತ್ತು ಗುಬ್ಬಿ ಯಾಕೆ?"
ಕನ್ನಡಕ ಹಣೆಗೇರಿಸಿದರು:
"ಒಂದೇ ಥರ ಅಂತ ಯಾರು ಹೇಳಿದರು, ಸಿಬಿಲ್ಲೆ?"

ರೆಕ್ಕೆಗೆ ಅಳತೆಗೋಲಿಟ್ಟರೆ ಕೂದಲೆಳೆಯ ಅಂತರ.
ಆ ಎಳೆಯಲ್ಲೇ ದೇವರು ಕೂತಿದ್ದಾನೆಂದು
ಭಾನುವಾರ ಹೇಳಿದರು.
ಊರು ಆಕಳಿಸಿತು.

ಅವರು ಹೋದ ಮೇಲೆ
ಖಾನೆ ಖಾನೆ ನಾನೇ ತೆಗೆದೆ.
ಪ್ರತಿ ಕಾಲಿಗೂ ಚೀಟಿ: ಊರು, ದಿನ, ಗಂಡೋ ಹೆಣ್ಣೋ.
ತಳದ ಖಾನೆಯಲ್ಲಿ ಹಕ್ಕಿಯೇ ಇಲ್ಲ,
ಕುಣಿಕೆ ಹಾಕಿದ ದಾರ, ಅದರ ತುದಿಗೆ ಅವರ ಅಕ್ಷರ:

ಮೇ ಒಂಬತ್ತು. ನಸುಕು. ಹಿತ್ತಲ ಚೆರ್ರಿ ಮರ.
ಹೆಸರು ಗೊತ್ತಿಲ್ಲ.
ಕೋವಿ ಕೈಯಲ್ಲೇ ಇತ್ತು.
ಹಾಡು ಮುಗಿಯಲಿ ಅಂತ ಕಾದೆ.